ಏಳನೇ ಪಾಠಕ್ಕೆ ನಿಂತದ್ದು

“ಮೂಸಿ ನೋಡಿ ಟೀಚರಮ್ಮ. ದೂರದಿಂದ ಅಲ್ಲ, ಬಗ್ಗಿ ಮೂಸಿ.”

ಜವರಮ್ಮ ತಲೆಯ ಮೇಲಿನ ಕೊಡವನ್ನು ಇಳಿಸಿ ಅಂಗಳದ ನಡುವೆ ಇಟ್ಟಿದ್ದಳು. ಕಾತ್ಯಾಯಿನಿ ಸೆರಗು ಹಿಡಿದುಕೊಂಡು ಬಗ್ಗಿದಳು, ಬಗ್ಗಿದಷ್ಟೇ ಬೇಗ ಮೇಲೆದ್ದಳು. ಕೊಡದೊಳಗಿನ ನೀರು ಕಷಾಯದ ಬಣ್ಣಕ್ಕಿತ್ತು. ಕಾಫಿ ಹಣ್ಣಿನ ಸಿಪ್ಪೆ ವಾರಗಟ್ಟಲೆ ಕೊಳೆತರೆ ಬರುವ ಹುಳಿ ನಾತ. ತೋಟದ ಸೀಮೆಯಲ್ಲಿ ಹುಟ್ಟಿದವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಲ್ಪರ್ ಮನೆಯಲ್ಲಿ ಹಣ್ಣು ಸುಲಿದು, ಬೀಜ ತೊಳೆದು, ಹೊರಗೆ ಬಿಟ್ಟ ನೀರು ಅದು.

“ಎಲ್ಲಿಂದ ತಂದಿರಿ ಇದನ್ನ?”

“ಎಲ್ಲಿಂದ ತರ್ತಾರೆ? ನಮ್ ದಬ್ಬೆಯಿಂದ. ಈ ಸಲದ ಕುಯ್ಲು ಶುರುವಾದಾಗಿಂದ, ಹದಿನೈದು ದಿನ ಆತು. ಕುಡಿಯೋದು ಹಂಗಿರ್ಲಿ, ಮೈಗೆ ಹಾಕ್ಕೊಂಡ್ರೆ ನವೆ. ಕಲ್ಲಮ್ಮನ ಮೊಮ್ಮಗಳಿಗೆ ಮೈಯೆಲ್ಲ ಬೊಕ್ಕೆ ಎದ್ದಿದೆ.”

ನೇರಲಗಂಡಿ ಕಾಲೋನಿಯ ಮೂವತ್ತೆರಡು ಮನೆಗಳಿಗೆ ನೀರೆಂದರೆ ಮೇಲಿನ ಹಳ್ಳದ ನೀರು. ಅಡಿಕೆ ಮರ ಸೀಳಿ ಮಾಡಿದ ದಬ್ಬೆಗಳನ್ನು ಒಂದಕ್ಕೊಂದು ಜೋಡಿಸಿ, ಹಳ್ಳದಿಂದ ಕಾಲೋನಿಯ ಕಲ್ಲುತೊಟ್ಟಿಗೆ ಹರಿಸಿಕೊಂಡಿದ್ದರು. ಬಾಳೂರಿನಿಂದ ಕಳಸದ ಕಡೆಗೆ ಜೀಪಿನಲ್ಲಿ ಹೋಗುವವರಿಗೆ ಆ ತೊಟ್ಟಿ ರಸ್ತೆಯಿಂದಲೇ ಕಾಣುತ್ತದೆ. ಕಾತ್ಯಾಯಿನಿಗೂ ದಿನಾ ಕಾಣುತ್ತಿತ್ತು. ಆದರೆ ಅವಳ ಹಿತ್ತಲಲ್ಲಿ ಬಾವಿ ಇತ್ತು, ಹಾಗಾಗಿ ತೊಟ್ಟಿಯೊಳಗೆ ಏನಿದೆ ಎಂದು ಇಣುಕುವ ಪ್ರಮೇಯ ಬಂದಿರಲಿಲ್ಲ.

“ಪಂಚಾಯ್ತಿಗೆ ಹೋಗಿ ಹೇಳಬೇಕಿತ್ತು ಜವರಮ್ಮ.”

“ಹೋಗಿದ್ವಲ್ಲ. ಏಳು ಜನ ಹೋಗಿದ್ವಿ, ಕೆಲ್ಸ ಬಿಟ್ಟು. ಸೆಕ್ರೆಟ್ರಿ ತಿಮ್ಮಪ್ಪನೋರು ಬುಕ್ಕು ತೆಗ್ದು ತೋರಿಸಿದ್ರು. ಮೇಲ್ಗಡೆ ತೋಟದ ಷಡಕ್ಷರಿಯೋರು ಪಲ್ಪರ್ ಹಾಕ್ಕೊಂಡು ನೀರು ಹಳ್ಳಕ್ಕೆ ಬಿಟ್ಕೊಳ್ಳಿ ಅಂತ ನಾವೇ ಒಪ್ಪಿದೀವಂತೆ. ಆಗಸ್ಟ್ ತಿಂಗ್ಳ ಗ್ರಾಮಸಭೇಲಿ.” ಜವರಮ್ಮ ಗಾಳಿಯಲ್ಲಿ ಬೆರಳಾಡಿಸಿ ತನ್ನ ಹೆಸರಿನ ಅಕ್ಷರಗಳನ್ನು ಬರೆದು ತೋರಿಸಿದಳು. “ನನ್ನ ಸೈನು. ಹೌದು, ನಂದೇ. ನೀವು ಕಲಿಸಿದ್ದೇ. ಆದ್ರೆ ಮೊದ್ಲು ಹಾಕಿದ್ದು ನೀವು. ನೀವು ಹಾಕಿದ್ದು ನೋಡಿ ನಾವು ಹಾಕಿದ್ವಿ.” ಆಮೇಲೆ ಕೇಳಿದಳು, “ಒಂದು ಮಾತು ಹೇಳಿ ಟೀಚರಮ್ಮ. ನೀವು ಅದನ್ನ ಓದಿ ಹಾಕಿದ್ರಾ, ಓದ್ದೆ ಹಾಕಿದ್ರಾ?”

ಕಾತ್ಯಾಯಿನಿ ಕೊಡದಿಂದ ಒಂದು ಹೆಜ್ಜೆ ಹಿಂದೆ ಸರಿದಳು. “ನಾನು ಪಂಚಾಯ್ತಿಗೆ ಹೋಗಿ ನೋಡ್ತೀನಿ” ಎಂದಳು. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ನೋಡಿ” ಎಂದು ಜವರಮ್ಮ ಹೊರಟಳು. ಕೊಡವನ್ನು ಅಲ್ಲೇ ಬಿಟ್ಟು ಹೋದಳು.

ಆ ದಿನ ಕಾತ್ಯಾಯಿನಿಗೆ ಒಂದು ಕೆಲಸವೂ ನೆಟ್ಟಗೆ ಸಾಗಲಿಲ್ಲ. ಹಾಲು ಉಕ್ಕಿ ಒಲೆ ಆರಿತು. ಗುಡಿಸಿದ ಜಗುಲಿಯನ್ನೇ ಮತ್ತೆ ಗುಡಿಸಿದಳು. ಕೊಡವನ್ನು ಚೆಲ್ಲೋಣವೆಂದು ಎರಡು ಸಲ ಅಂಗಳಕ್ಕಿಳಿದು, ಚೆಲ್ಲದೆ ವಾಪಸ್ಸು ಬಂದಳು. ಒಳಗೆ ಬಂದರೆ ಎದುರು ಗೋಡೆಯ ಮೇಲೆ ಆ ಫೋಟೊ. ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ, ಮೂಡಿಗೆರೆಗೆ ಹೋಗಿ ಕಟ್ಟು ಹಾಕಿಸಿ ತಂದ ಫೋಟೊ. ಅದರಲ್ಲಿ ಅವಳೂ ಇಪ್ಪತ್ತೊಂಬತ್ತು ಹೆಂಗಸರೂ ಹಳ್ಳದ ದಂಡೆಯ ಮೇಲೆ ನಿಂತು ನಗುತ್ತಿದ್ದಾರೆ. ಜವರಮ್ಮನ ಕೈಯಿಂದ ಚಿಮ್ಮಿದ ಒಂದು ಕಪ್ಪು ಡಬ್ಬಿ ಗಾಳಿಯಲ್ಲಿದೆ.

ಅದು ಹೆಬ್ಬೆಟ್ಟಿನ ಶಾಯಿಯ ಡಬ್ಬಿ. ಇನ್ನು ಮೇಲೆ ನೇರಲಗಂಡಿಯಲ್ಲಿ ಹೆಬ್ಬೆಟ್ಟು ಒತ್ತುವವರಿಲ್ಲ, ಅದನ್ನು ಹಳ್ಳಕ್ಕೆ ಎಸೆದುಬಿಡೋಣ ಎಂದು ಹೊಳೆದದ್ದು ಕಾತ್ಯಾಯಿನಿಗೇ. ಮಾರ್ಚ್ ತಿಂಗಳಲ್ಲಿ, ಸಾಕ್ಷರತಾ ಆಂದೋಲನದ ಪರೀಕ್ಷೆ ಮುಗಿದ ದಿನ. ಹೊಳೆದಾಗ ಅದು ಎಂಥ ಚಂದದ ಯೋಚನೆಯಾಗಿ ಕಂಡಿತ್ತು!

ಆಂದೋಲನಕ್ಕೆ ಜೀಪಿತ್ತು, ಬ್ಯಾನರಿತ್ತು, ಹಾಡಿತ್ತು, ಗುರಿ ಇತ್ತು. ಗುರಿ ಮುಟ್ಟುವುದಕ್ಕೆ ಒಂದು ತಾರೀಕೂ ಇತ್ತು. ಕಾಫಿ ಹಣ್ಣಾಗುವುದಕ್ಕೂ ತನ್ನದೇ ತಾರೀಕಿದೆ ಎಂಬುದೊಂದು ಮಾತ್ರ ವೇಳಾಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ. ಕಾತ್ಯಾಯಿನಿ ಮೇಷ್ಟ್ರ ಹೆಂಡತಿ, ಪಿಯುಸಿ ಓದಿದವಳು, ಮನೆಯಲ್ಲಿ ಕೂತು ಬೇಸತ್ತವಳು. ಸ್ವಯಂಸೇವಕಿಯಾಗಿ ಮೊದಲು ಹೆಸರು ಕೊಟ್ಟವಳೂ ಅವಳೇ. ಕಲಿಯುವವರನ್ನು ‘ನೀವು’ ಎನ್ನಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೊದಮೊದಲು ನಾಲಿಗೆ ತಡವರಿಸಿದರೂ ಅದನ್ನು ಬಿಡದೆ ರೂಢಿಸಿಕೊಂಡಿದ್ದಳು. ಷಡಕ್ಷರಿ ತಮ್ಮ ಅಂಗಡಿಯಿಂದ ಮೂವತ್ತು ಸ್ಲೇಟು ಕಳಿಸಿದರು. ಸಂಜೆ ಆರಕ್ಕೆ ಕಾಲೋನಿಯ ಭಜನೆ ಮಂದಿರದಲ್ಲಿ ಕ್ಲಾಸು ಶುರುವಾಯಿತು.

“ನೀವ್ಯಾಕೆ ಕಲಿಯೋಕೆ ಬಂದ್ರಿ?” ಎಂದು ಮೊದಲ ದಿನ ಒಬ್ಬೊಬ್ಬರನ್ನೇ ಕೇಳಿದ್ದಳು. ಜವರಮ್ಮ ಹೇಳಿದ್ದು ಅವಳಿಗೆ ನೆನಪಿತ್ತು. “ಸೈಟು ಕೊಟ್ಟಾಗ ಹೆಬ್ಬೆಟ್ಟು ಒತ್ತಿದ್ನಲ್ಲ, ಆಗ ಗುಮಾಸ್ತ ಇಡೀ ಕಾಗ್ದ ಗಟ್ಟಿಯಾಗಿ ಓದ್ದ. ಅರ್ಥ ಆಯ್ತಾ ಅಂತ ಮತ್ತೊಂದ್ಸಲ ಓದ್ದ. ಎರಡು ಜನ ಸಾಕ್ಷಿ ನಿಂತ್ರು. ನನ್ ಕಾಗ್ದನ ಊರೋರ ಮುಂದೆ ಓದಿ ಹೇಳಿಸ್ಕೊಳ್ಳೋದು ಎಂಥ ನಾಚ್ಕೆ! ಸೈನು ಬಂದಿದ್ರೆ ಸುಮ್ನೆ ಗೀಚಿ ಬರ್ಬೋದಿತ್ತು.” ಎಲ್ಲರೂ ನಕ್ಕಿದ್ದರು. ಕಾತ್ಯಾಯಿನಿಯೂ ನಕ್ಕಿದ್ದಳು.

ಹಿಂದಿನ ವರ್ಷದ ಅಕ್ಟೋಬರ್ ನವೆಂಬರಿನಲ್ಲಿ ಕ್ಲಾಸು ಚೆನ್ನಾಗಿಯೇ ನಡೆಯಿತು. ಡಿಸೆಂಬರಿನಲ್ಲಿ ಅರೇಬಿಕ ಕುಯ್ಲು ಬಂತು, ಅದು ಮುಗಿಯುವಷ್ಟರಲ್ಲಿ ರೊಬಸ್ಟ ಬಂತು. ಬೆಳಿಗ್ಗೆ ಏಳಕ್ಕೆ ಹೋಗಿ ದಿನವಿಡೀ ಗುಡ್ಡದ ಮೇಲೆ ಹಣ್ಣು ಕುಯ್ದ ಕೈ ಸಂಜೆ ಬಳಪ ಹಿಡಿಯುವುದಕ್ಕೆ ಒಪ್ಪುತ್ತಿರಲಿಲ್ಲ. ಸ್ಲೇಟಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವವರೇ ಹೆಚ್ಚು. ಪುಸ್ತಕದ ಏಳನೇ ಪಾಠಕ್ಕೆ ಬಂದು ನಿಂತದ್ದು ಮುಂದಕ್ಕೆ ಹೋಗಲಿಲ್ಲ. ಎಂಟನೆಯದು ಬಸ್ಸಿನ ಬೋರ್ಡು ಓದುವ ಪಾಠ. ಹೀಗಿರುವಾಗ ಮಾರ್ಚಿನಲ್ಲಿ ಪರೀಕ್ಷಕರು ಬರುತ್ತಾರೆಂದು ಪತ್ರ ಬಂತು. ಮೊದಲು ನೋಡುವುದು ಸಹಿಯನ್ನೇ ಅಂತೆ ಎಂದು ಪಕ್ಕದ ಊರಿನ ಸ್ವಯಂಸೇವಕಿ ಹೇಳಿದಳು. ಕಾತ್ಯಾಯಿನಿ ಪುಸ್ತಕ ಮುಚ್ಚಿದಳು. ಉಳಿದ ಮೂರು ವಾರ ಒಬ್ಬೊಬ್ಬರಿಂದಲೂ ಅವರವರ ಹೆಸರನ್ನು ಮಾತ್ರ ಬರೆಸಿದಳು, ನೂರು ಸಲ, ಇನ್ನೂರು ಸಲ, ನಿದ್ದೆಗಣ್ಣಿನಲ್ಲೂ ತಪ್ಪದಂತೆ. ಪರೀಕ್ಷಕರು ಬಂದರು, ಸಹಿ ಎಣಿಸಿದರು, ನೂರಕ್ಕೆ ನೂರು ಎಂದು ಬರೆದುಕೊಂಡು ಪಾಯಸ ಉಂಡು ಹೋದರು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮರುದಿನವೇ ಅವಳು ಪಂಚಾಯ್ತಿ ಕಚೇರಿಗೆ ಹೋದಳು. ತಿಮ್ಮಪ್ಪ ಕೆಟ್ಟ ಮನುಷ್ಯನೇನಲ್ಲ. ಎರಡು ಪಂಚಾಯ್ತಿ ಅವನ ತಲೆಯ ಮೇಲಿದ್ದವು, ಮಂಡಿ ನೋವಿತ್ತು, ಜೀಪು ತಪ್ಪಿದರೆ ನಾಲ್ಕು ಮೈಲಿ ನಡೆಯಬೇಕಿತ್ತು. ಅವಳನ್ನು ಕಂಡು ಕುರ್ಚಿಯ ಮೇಲಿನ ಫೈಲುಗಳನ್ನು ಎತ್ತಿಟ್ಟ.

“ಬನ್ನಿ ಕಾತ್ಯಾಯಿನಮ್ಮ. ಕಾಲೋನಿಯೋರು ನಿಮ್ಮ ಹತ್ರಾನೂ ಬಂದಿದ್ರಾ? ನಾನೇನು ಕದ್ದು ಬರ್ದಿದೀನಾ ಹೇಳಿ. ಎಡಗಡೆ ಪುಟದಲ್ಲಿ ಠರಾವು, ಬಲಗಡೆ ಸಹಿ. ಸಭೆಗೆ ಮೊದ್ಲೇ ಬರ್ದು ತಂದಿದ್ದೆ. ಮುಚ್ಚಿಟ್ಟಿರ್ಲಿಲ್ಲ.”

ಪುಸ್ತಕ ತೆಗೆದು ತೋರಿಸಿದ. ಆರನೆಯ ವಿಷಯ, ದುಂಡನೆಯ ಅಕ್ಷರದಲ್ಲಿ: ಶ್ರೀ ಷಡಕ್ಷರಿಯವರು ತಮ್ಮ ತೋಟದಲ್ಲಿ ಪಲ್ಪರ್ ಘಟಕ ಸ್ಥಾಪಿಸಿ, ಬಳಸಿದ ನೀರನ್ನು ಹಳ್ಳಕ್ಕೆ ಬಿಡುವುದಕ್ಕೆ ಗ್ರಾಮಸ್ಥರ ಯಾವುದೇ ಆಕ್ಷೇಪಣೆ ಇರುವುದಿಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಅಷ್ಟೇ. ನಾಲ್ಕು ಸಾಲು. ಓದುವುದಕ್ಕೆ ಒಂದು ನಿಮಿಷವೂ ಬೇಡ.

ಬಲಗಡೆಯ ಪುಟದಲ್ಲಿ ಮೊದಲ ಗೆರೆಯ ಮೇಲೆ ಅವಳದೇ ಸಹಿ. ಆ ದಿನ ಕಣ್ಣಿಗೆ ಕಟ್ಟಿದಂತೆ ಬಂತು. ಸಭೆ ಮುಗಿಯುವ ಹೊತ್ತು, ಕೊನೆಯ ಜೀಪು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿತ್ತು, ಎಲ್ಲರಿಗೂ ಅವಸರ. ಪೆನ್ನು ಕೈಗೆ ಬಂದಾಗ ಜವರಮ್ಮ ಅಳುಕಿದಳು. ‘ನೋಡಿ, ಹೀಗೆ, ಈ ಗೆರೆ ಮೇಲೆ’ ಎಂದು ಕಾತ್ಯಾಯಿನಿ ತಾನೇ ಮೊದಲು ಹಾಕಿ ತೋರಿಸಿದಳು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅವಳು ಪಕ್ಕದಲ್ಲೇ ನಿಂತು ಅವರ ಅಕ್ಷರ ನೋಡಿದಳು. ಕಲ್ಲಮ್ಮ ಒತ್ತು ಸರಿಯಾಗಿ ಕೊಟ್ಟಳೋ, ತಂಗಮ್ಮ ಸೊನ್ನೆ ಮರೆತಳೋ. ಇಪ್ಪತ್ತೊಂಬತ್ತು ಸಲ ಬಲಗಡೆ ಪುಟ ನೋಡಿದವಳು ಒಂದು ಸಲವೂ ಎಡಗಡೆಗೆ ಕಣ್ಣು ಹಾಯಿಸಿರಲಿಲ್ಲ.

“ನೀವು ಸಭೇಲಿ ಇದನ್ನ ಓದಿ ಹೇಳ್ಲಿಲ್ವಾ ತಿಮ್ಮಪ್ಪನವ್ರೆ?”

“ಹಿಂದೆ ಓದ್ತಿದ್ದೆ ಕಣಮ್ಮ. ಹೆಬ್ಬೆಟ್ಟು ಒತ್ತೋರು ಒಬ್ರಿದ್ರೂ ಓದ್ಲೇಬೇಕಿತ್ತು. ‘ಓದಿ ಹೇಳಿ ಒಪ್ಪಿಸಿ ಒತ್ತಿಸಿಕೊಂಡಿದೆ’ ಅಂತ ಬರೀಬೇಕು, ಸಾಕ್ಷಿ ಹಾಕಿಸ್ಬೇಕು. ಒಂದೊಂದಕ್ಕೂ ಗಲಾಟೆ, ಯಾಕೆ, ಏನು, ನಮಗೇನು ಅಂತ. ಮಧ್ಯಾಹ್ನ ಶುರು ಮಾಡಿದ್ರೆ ದೀಪ ಹಚ್ಚೋ ಹೊತ್ತಾಗ್ತಿತ್ತು.” ತಿಮ್ಮಪ್ಪ ನಿಜವಾದ ಕೃತಜ್ಞತೆಯಿಂದ ನಕ್ಕ. “ನೀವು ಎಲ್ರಿಗೂ ಸಹಿ ಕಲ್ಸಿದ್ಮೇಲೆ ನನ್ ಕೆಲ್ಸ ಹಗುರಾಯ್ತು ನೋಡಿ. ಸಹಿ ಹಾಕೋರಿಗೆ ಓದಿ ಹೇಳೋದು ಅವಮಾನ ಅಲ್ವಾ?”

ಕಾತ್ಯಾಯಿನಿಗೆ ಅಲ್ಲಿ ಕೂರುವುದಕ್ಕಾಗಲಿಲ್ಲ. ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಬಂದಳು. ಜೀಪಿಗೆ ಕಾಯದೆ ನಡೆದೇ ಬಂದಳು. ತೊಟ್ಟಿಯ ಹತ್ತಿರ ನಿಂತಳು, ನಾತ ತಡೆಯಲಾರದೆ ಮುಂದೆ ಹೋದಳು, ಮತ್ತೆ ಹಿಂದೆ ಬಂದು ನಿಂತಳು. ಆ ಹೆಂಗಸರ ಕಾಗದವನ್ನು ಊರವರ ಮುಂದೆ ಓದಿಸುತ್ತಿದ್ದದ್ದು ಅವರ ಹೆಬ್ಬೆಟ್ಟು. ಅದರ ಶಾಯಿ ಡಬ್ಬಿಯನ್ನು ಅವಳೇ ಮೆರವಣಿಗೆಯಲ್ಲಿ ತಂದು ಇದೇ ಹಳ್ಳಕ್ಕೆ ಎಸೆಸಿದ್ದಳು. ಓದು ಕೊಡದೆ ಸಹಿ ಕೊಟ್ಟಿದ್ದಳು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಉಮಾಮಹೇಶ್ವರ ಮೇಷ್ಟ್ರು ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. ಅವರ ಲೆಕ್ಕಾಚಾರವೇ ಬೇರೆ. ಕಾಲೋನಿಯಲ್ಲಿ ಮುಂದುವರಿಕೆ ಶಿಕ್ಷಣ ಕೇಂದ್ರ ತೆರೆಯುವುದಿತ್ತು, ಅದನ್ನು ನಡೆಸುವುದಕ್ಕೆ ಗೌರವಧನದ ಮೇಲೆ ಒಬ್ಬಳು ಪ್ರೇರಕಿ ಬೇಕಿತ್ತು, ಜನವರಿಯ ಗ್ರಾಮಸಭೆಯಲ್ಲಿ ಹೆಸರು ಹೇಳುವುದೆಂದಿತ್ತು. ಆ ಹೆಸರು ಯಾರದೆಂದು ಊರಿಗೆಲ್ಲ ಗೊತ್ತಿತ್ತು.

“ಯಾರಾದ್ರೂ ಕೇಳಿದ್ರೆ ಓದಿಯೇ ಹಾಕಿದೆ ಅನ್ನು ಮಾರಾಯ್ತಿ. ಆಗ ಸರಿ ಅನ್ನಿಸ್ತು, ಇಷ್ಟು ನಾತ ಬರುತ್ತೆ ಅಂತ ಗೊತ್ತಿರ್ಲಿಲ್ಲ ಅನ್ನು. ಅದ್ರಲ್ಲಿ ಅವಮಾನ ಇಲ್ಲ. ಓದ್ದೆ ಹಾಕಿದೆ ಅಂದ್ರೆ ನಾಳೆ ನಿನ್ನ ಟೀಚರ್ ಅಂತ ಯಾರು ಕರೀತಾರೆ?”

“ಓದಿ ಹಾಕಿದೆ ಅಂದ್ರೆ ಅವರ ನೀರು ನಾನೇ ಮಾರಿದ ಹಾಗಾಗುತ್ತಲ್ಲ.”

“ಷಡಕ್ಷರಿ ಸ್ಲೇಟು ಕೊಟ್ಟಿದ್ರು, ಅದಕ್ಕೆ ಒಪ್ಪಿದ್ಲು ಅಂತ ನಾಲ್ಕು ದಿನ ಅಂತಾರೆ. ಆಮೇಲೆ ಮರೀತಾರೆ.”

ಆ ಮಾತು ಆಗಲೇ ಕಾಲೋನಿಯಲ್ಲಿ ಹುಟ್ಟಿತ್ತು. ಕಾತ್ಯಾಯಿನಿಗೆ ತಿಳಿದದ್ದು ಮರುವಾರ. ಪುಸ್ತಕ, ಸೀಮೆಸುಣ್ಣ, ಲಾಟೀನು ಹಿಡಿದುಕೊಂಡು ಸಂಜೆ ಆರಕ್ಕೆ ಭಜನೆ ಮಂದಿರಕ್ಕೆ ಹೋದಳು. ಎಂಟನೇ ಪಾಠದಿಂದ ಮತ್ತೆ ಶುರು ಮಾಡಿಬಿಡಬೇಕು, ಅದಕ್ಕಿಂತ ಬೇರೆ ದಾರಿಯಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಏಳಾಯಿತು. ಒಬ್ಬರೂ ಬರಲಿಲ್ಲ. ಮನೆಗಳ ಮುಂದೆ ಹೆಂಗಸರು ಕೂತಿರುವುದು ಕಾಣುತ್ತಿತ್ತು. ಅವಳೇ ಎದ್ದು ಕಲ್ಲಮ್ಮನ ಬಾಗಿಲಿಗೆ ಹೋದಳು. ಕಲ್ಲಮ್ಮ ಮೊಮ್ಮಗಳ ಮೈಗೆ ಬೇವಿನೆಣ್ಣೆ ಹಚ್ಚುತ್ತಿದ್ದವಳು ತಲೆಯೆತ್ತಲಿಲ್ಲ.

“ಕ್ಲಾಸಿಗೆ ಬನ್ನಿ ಕಲ್ಲಮ್ಮ.”

“ಸಾಕಮ್ಮ ಕಲ್ತಿದ್ದು. ಮೂವತ್ತು ಸ್ಲೇಟಿಗೆ ನಮ್ ನೀರು ಹೋತು. ಅಷ್ಟು ಕಲ್ತಿದ್ದಕ್ಕೇ ಇಷ್ಟಾತು.”

ಮಗುವಿನ ಬೆನ್ನಿನ ತುಂಬ ಕೆಂಪು ಬೊಕ್ಕೆಗಳು. ಕಾತ್ಯಾಯಿನಿ ಆ ಬೆನ್ನನ್ನೇ ನೋಡುತ್ತ ನಿಂತಿದ್ದು, ಲಾಟೀನು ತಗೊಂಡು ಮನೆಗೆ ಬಂದಳು. ಆಮೇಲೂ ಹತ್ತು ದಿನ ಹಟ ಹಿಡಿದು ಹೋಗಿ ಕೂತಳು. ಯಾರೂ ಬರಲಿಲ್ಲ. ಒಂದು ದಿನ ಜವರಮ್ಮ ದಾರಿಯಲ್ಲಿ ಸಿಕ್ಕಿ, “ನಾನು ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ ನೀವು” ಎಂದಷ್ಟೇ ಹೇಳಿ ಹೋದಳು. ಕಾತ್ಯಾಯಿನಿಗೆ ರಾತ್ರಿ ಊಟ ಸೇರಲಿಲ್ಲ. ಉತ್ತರ ಎರಡೇ. ಓದಿ ಹಾಕಿದೆ ಎಂದರೆ ಮೋಸಗಾತಿ, ಓದದೆ ಹಾಕಿದೆ ಎಂದರೆ ದಡ್ಡಿ. ಮೊದಲನೆಯದು ಸುಳ್ಳು, ಅದರಿಂದ ಟೀಚರೆಂಬ ಹೆಸರಾದರೂ ಉಳಿಯುತ್ತದೆ. ಎರಡನೆಯದು ನಿಜ, ಅದನ್ನು ಹೇಳಿದರೆ ಏನೂ ಉಳಿಯುವುದಿಲ್ಲ.

ಜನವರಿಯ ಕೊನೆಯ ವಾರ ಗ್ರಾಮಸಭೆ, ಶಾಲೆಯ ಚಾವಡಿಯಲ್ಲಿ. ಮೂಡಿಗೆರೆಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಷಡಕ್ಷರಿ ಮುಂದಿನ ಸಾಲಿನಲ್ಲಿ, ಮೇಷ್ಟ್ರುಗಳ ಬೆಂಚಿನಲ್ಲಿ ಉಮಾಮಹೇಶ್ವರ. ಕಾಲೋನಿಯ ಹೆಂಗಸರು ಕುಯ್ಲಿನ ಬಟ್ಟೆಯಲ್ಲೇ ಬಂದು ನೆಲದ ಮೇಲೆ ಕೂತರು. ಕಾತ್ಯಾಯಿನಿ ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬಕ್ಕೆ ಆತುಕೊಂಡು ನಿಂತಿದ್ದಳು.

ತಿಮ್ಮಪ್ಪ ಎಂದಿನಂತೆ ಸ್ವಾಗತ ಹೇಳಿ, “ಹಿಂದಿನ ಸಭೆಯ ನಡಾವಳಿಯನ್ನು ಓದಲಾಗಿದೆಯೆಂದು ಭಾವಿಸಿ ದೃಢೀಕರಿಸೋಣ” ಎಂದು ಒಂದೇ ಉಸಿರಿನಲ್ಲಿ ಮುಗಿಸಿ, ಪುಸ್ತಕವನ್ನು ಮುಂದೆ ಚಾಚಿದ. “ಬಾ ಜವರಮ್ಮ, ನೀನೇ ಮೊದ್ಲು. ಹಾಕು ಸಹಿ.”

ಜವರಮ್ಮ ಎದ್ದು ಮೇಜಿನ ಹತ್ತಿರ ಬಂದಳು. ಪೆನ್ನು ಮುಟ್ಟಲಿಲ್ಲ. ಬಲಗೈ ಹೆಬ್ಬೆಟ್ಟನ್ನು ಮುಂದೆ ಹಿಡಿದಳು.

“ಶಾಯಿ ಕೊಡಿ.”

“ಎಂತದು? ನಿಂಗೆ ಸಹಿ ಬರುತ್ತಲ್ಲ ಮಾರಾಯ್ತಿ!”

“ಬರಲ್ಲ. ಮರ್ತೋಯ್ತು. ಹೆಬ್ಬೆಟ್ಟೇ ಒತ್ತೋದು.”

ಹಿಂದೆ ಕಲ್ಲಮ್ಮ ಎದ್ದಳು. “ನಂಗೂ ಮರ್ತೋಗಿದೆ.” ತಂಗಮ್ಮ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು, ಕಾಫಿ ಕಲೆ ಹಿಡಿದ ಹೆಬ್ಬೆಟ್ಟುಗಳನ್ನು ಮುಂದೆ ಚಾಚಿ ಸಾಲಾಗಿ ನಿಂತರು. ತಿಮ್ಮಪ್ಪ ಕಕ್ಕಾಬಿಕ್ಕಿಯಾದ. ಅಧಿಕಾರಿ ಫೈಲಿನಿಂದ ತಲೆಯೆತ್ತಿ, “ಇದು ಸಂಪೂರ್ಣ ಸಾಕ್ಷರ ಗ್ರಾಮ ಅಂತ ವರದಿ ಇದೆಯಲ್ರಿ?” ಎಂದರು. ಕಾತ್ಯಾಯಿನಿಯ ಕಿವಿಗಳು ಬಿಸಿಯಾದವು.

“ಹೆಬ್ಬೆಟ್ಟು ಒತ್ತೋರಿಗೆ ಓದಿ ಹೇಳ್ಬೇಕು ಸ್ವಾಮಿ” ಎಂದಳು ಜವರಮ್ಮ. “ಹಿಂದೆ ಹಂಗೇ ಮಾಡ್ತಿದ್ರು. ಓದ್ಲಿ. ಎಡಗಡೆ ಬರ್ದಿರೋದು ಪೂರ್ತಿ ಓದ್ಲಿ.”

“ಓದಿ” ಎಂದರು ಅಧಿಕಾರಿ, ತಿಮ್ಮಪ್ಪನಿಗೆ.

“ಅವ್ರು ಬೇಡ” ಎಂದಳು ಜವರಮ್ಮ. “ಟೀಚರಮ್ಮ ಓದ್ಲಿ.”

ಕಂಬದಿಂದ ಮೇಜಿನವರೆಗೆ ಹತ್ತು ಹೆಜ್ಜೆ. ಕಾತ್ಯಾಯಿನಿ ಪುಸ್ತಕ ಎತ್ತಿಕೊಂಡು, ಮೊದಲನೆಯ ವಿಷಯದಿಂದ ಗಟ್ಟಿಯಾಗಿ ಓದಿದಳು. ಚರಂಡಿ, ಬೀದಿದೀಪ, ಶಾಲೆಯ ಹೆಂಚು. ಆರನೆಯದಕ್ಕೆ ಬಂದಾಗ ನಾಲ್ಕೂ ಸಾಲು ಬಿಡದೆ ಓದಿದಳು. ‘ಯಾವುದೇ ಆಕ್ಷೇಪಣೆ ಇರುವುದಿಲ್ಲ’ ಎಂಬಲ್ಲಿ ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. “ಯಾರಿಗೆ ಇಲ್ಲ? ನಮಗಿದೆ!” ಎಂದು ಕಲ್ಲಮ್ಮ ಕೂಗಿದಳು.

ಷಡಕ್ಷರಿ ಎದ್ದು ನಿಂತರು. ಅವರದು ಯಾವಾಗಲೂ ಮೆತ್ತಗಿನ ಮಾತು. “ಸರ್, ಓದು ಬರ್ದೇ ಇರೋರು ತಿಳೀದೆ ಸಹಿ ಹಾಕಿದ್ರು ಅಂದ್ರೆ ನಾನೂ ಒಪ್ತೀನಿ. ಆದ್ರೆ ಮೊದಲ್ನೇ ಸಹಿ ಕಾತ್ಯಾಯಿನಮ್ಮನವರದ್ದು. ಈ ಊರಿಗೇ ಅಕ್ಷರ ಕಲ್ಸಿದೋರು. ಅವ್ರು ಓದಿ, ಅರ್ಥ ಮಾಡ್ಕೊಂಡೇ ಹಾಕಿರ್ತಾರಲ್ವಾ? ಅವ್ರನ್ನೇ ಕೇಳಿ.”

ಚಾವಡಿ ಇಡೀ ಅವಳ ಕಡೆ ತಿರುಗಿತು. ಬೆಂಚಿನಿಂದ ಉಮಾಮಹೇಶ್ವರ ಹೌದೆನ್ನು ಎಂಬಂತೆ ತಲೆ ಅಲ್ಲಾಡಿಸಿದರು. ಅಧಿಕಾರಿಯ ಮುಂದೆ ಪ್ರೇರಕಿಯ ಫೈಲು ತೆರೆದಿತ್ತು. ಜವರಮ್ಮ ಹೆಬ್ಬೆಟ್ಟನ್ನು ಇನ್ನೂ ಇಳಿಸದೆ ಅವಳ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ” ಎಂದಳು ಕಾತ್ಯಾಯಿನಿ. “ನಾನು ಓದ್ಲಿಲ್ಲ.”

ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನಾಗಿಯೇ ಬಂತು. “ಓದದೆ ಸಹಿ ಹಾಕಿದೆ. ಇವ್ರಿಗೆಲ್ಲ ಸಹಿ ಬಂತು ಅನ್ನೋ ಸಂಭ್ರಮದಲ್ಲಿದ್ದೆ, ಅವರ ಅಕ್ಷರ ನೋಡ್ತಾ ನಿಂತಿದ್ದೆ. ಎಡಗಡೆ ಪುಟ ನೋಡ್ಲೇ ಇಲ್ಲ. ಇನ್ನೊಂದಿದೆ. ಇವ್ರಿಗೆ ನಾನು ಓದು ಕಲ್ಸೇ ಇಲ್ಲ ಸರ್. ಏಳನೇ ಪಾಠಕ್ಕೆ ನಿಲ್ಸಿ, ಪರೀಕ್ಷೆಗೆ ಅಂತ ಹೆಸರು ಬರೆಯೋದು ಮಾತ್ರ ಕಲ್ಸಿದೆ. ನಿಮ್ಮ ವರದಿ ಸುಳ್ಳು, ಅದನ್ನ ಸುಳ್ಳು ಮಾಡಿದ್ದು ನಾನು.” ಆಮೇಲೆ ಸಿಟ್ಟು ಬಂತು, ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ.

“ಆದ್ರೆ ನಾನೊಬ್ಬಳೇ ಅಲ್ಲ. ಆ ದಿನ ಇಲ್ಲಿ ಓದು ಬಲ್ಲೋರು ಐವತ್ತು ಜನ ಇದ್ವಿ. ಮೇಷ್ಟ್ರುಗಳು, ಮೆಂಬರುಗಳು, ಡಿಗ್ರಿ ಮಾಡಿದೋರು. ಈ ಪುಟ ಎಲ್ಲರ ಮುಂದೇನೇ ಇತ್ತು. ಒಬ್ರೂ ಓದ್ಲಿಲ್ಲ.”

ಮೇಷ್ಟ್ರುಗಳ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಉಮಾಮಹೇಶ್ವರ ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಸಹಿಯೂ ಎರಡನೇ ಪುಟದಲ್ಲಿತ್ತು.

ಜವರಮ್ಮ ಕೈ ಇಳಿಸಿದಳು. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಎದುರುಬದುರು ಕೂತು ಮಾತಾಡುವ ದನಿಯಲ್ಲಿ ಕೇಳಿದಳು.

“ನಮಗೆ ಓದಕ್ಕೆ ಬರ್ತಿರ್ಲಿಲ್ಲ ಟೀಚರಮ್ಮ, ಅದ್ಕೆ ಓದ್ಲಿಲ್ಲ. ನಿಮಗೆ ಬರ್ತಿತ್ತಲ್ಲ?”

ಕಾತ್ಯಾಯಿನಿಯ ಕಣ್ಣು ತುಂಬಿತು. ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಅಧಿಕಾರಿ ಪ್ರೇರಕಿಯ ಫೈಲನ್ನು ಮುಚ್ಚಿ ಚೀಲಕ್ಕೆ ಹಾಕಿದರು. ಆ ದಿನ ಅದರ ಸುದ್ದಿ ಎತ್ತಲಿಲ್ಲ. ತಿಮ್ಮಪ್ಪನಿಗೆ ಹೊಸ ಪುಟ ತೆಗೆಯಲು ಹೇಳಿದರು. ಪಲ್ಪರ್ ನೀರಿಗೆ ಸಭೆಯ ಆಕ್ಷೇಪಣೆಯಿದೆ, ಹಿಂದಿನ ಒಪ್ಪಿಗೆಯನ್ನು ವಾಪಸ್ಸು ಪಡೆಯಲಾಗಿದೆ, ಗುಂಡಿ ತೋಡಿ ಇಂಗಿಸುವ ತನಕ ಹಳ್ಳಕ್ಕೆ ನೀರು ಬಿಡಕೂಡದು ಎಂದು ಬರೆಸಿದರು. ಷಡಕ್ಷರಿ, “ಕುಯ್ಲಿನ ಮಧ್ಯೆ ಹೀಗೆ ಹೇಳಿದ್ರೆ ಹೇಗೆ ಸರ್” ಎಂದು ಒಂದೆರಡು ಸಲ ಗೊಣಗಿ, ಹೆಂಗಸರ ಸಾಲನ್ನು ನೋಡಿ ಕೂತುಬಿಟ್ಟರು. ಬರೆದದ್ದನ್ನು ಕಾತ್ಯಾಯಿನಿ ಎರಡು ಸಲ ಓದಿದಳು. ಎರಡನೇ ಸಲ ಜವರಮ್ಮ ನಡುವೆ ತಡೆದು, “ಆ ‘ತನಕ’ ಅನ್ನೋದು ಎಲ್ಲಿದೆ, ತೋರಿಸಿ” ಎಂದಳು. ಕಾತ್ಯಾಯಿನಿ ಬೆರಳಿಟ್ಟು ತೋರಿಸಿದಳು. ಜವರಮ್ಮ ಬಗ್ಗಿ, ತ, ನ, ಕ ಎಂದು ಒಂದೊಂದಾಗಿ ತಾನೇ ಕೂಡಿಸಿ ನೋಡಿದಳು.

“ಈಗ ಕೊಡಿ ಪೆನ್ನು” ಎಂದಳು.

ನಿಧಾನವಾಗಿ, ಒಂದು ಅಕ್ಷರವೂ ತಪ್ಪದೆ ಹೆಸರು ಬರೆದಳು. ಅವಳು ಸರಿದ ಮೇಲೆ ಕಾತ್ಯಾಯಿನಿ ರೂಢಿಯಂತೆ ಪೆನ್ನಿಗೆ ಕೈ ಚಾಚಿದಳು. ಜವರಮ್ಮ ಪೆನ್ನನ್ನು ಕಲ್ಲಮ್ಮನಿಗೆ ಕೊಟ್ಟಳು.

“ನೀವು ಕೊನೇಲಿ ಹಾಕಿ. ಎಲ್ರದ್ದೂ ಆದ್ಮೇಲೆ. ಮತ್ತೊಂದ್ಸಲ ಓದಿ ಹಾಕಿ.” ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. “ನಾಳೆ ಆರಕ್ಕೆ ಲಾಟೀನು ತನ್ನಿ. ಎಂಟನೇ ಪಾಠ ಅಲ್ವಾ?”

ಕಾತ್ಯಾಯಿನಿ ಸಾಲಿನ ಕೊನೆಗೆ ಹೋಗಿ ನಿಂತಳು. ಸಾಲು ನಿಧಾನವಾಗಿ ಸರಿಯಿತು. ಒಬ್ಬೊಬ್ಬರೂ ಸಹಿ ಹಾಕುವ ಮೊದಲು ಎಡಗಡೆಯ ಪುಟವನ್ನು ನೋಡುತ್ತಿದ್ದರು, ಓದಲು ಬಂದಷ್ಟು ಓದುತ್ತಿದ್ದರು. ರಸ್ತೆಯಲ್ಲಿ ಕೊನೆಯ ಜೀಪು ಹಾರ್ನ್ ಹೊಡೆಯಿತು. ಅವಳ ಸರದಿ ಬರುವ ಹೊತ್ತಿಗೆ ಮತ್ತೊಂದು ಸಲ ಹೊಡೆಯಿತು. ತಿಮ್ಮಪ್ಪ ಬಾಗಿಲ ಕಡೆ ನೋಡಿ, “ಬೇಗ ಹಾಕಿ ಕಾತ್ಯಾಯಿನಮ್ಮ” ಎಂದ. ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಎಡಗಡೆಯ ಪುಟವನ್ನು ಮೊದಲ ಸಾಲಿನಿಂದ ಓದತೊಡಗಿದಳು.